ಗೇಟಿನ ಬಳಿಯ ಮೂಢನಂಬಿಕೆ

ಎಂಟು ತಿಂಗಳ ನಾಯಿ ಒಮ್ಮೆ ಗುರ್ ಎಂದರೆ ಸಾಕು, ಓಣಿಯವರೆಲ್ಲ ತಜ್ಞರಾಗಿಬಿಡುತ್ತಾರೆ. "ಅದಕ್ಕೆ ಯಜಮಾನಿಕೆ ತಲೆಗೇರಿದೆ, ಎರಡು ಬಾರಿಸಿ." "ಮಾಂಸ ಹಾಕಬೇಡಿ, ರಕ್ತದ ರುಚಿ ಹತ್ತಿದೆ." "ಹಗಲೆಲ್ಲ ಕಟ್ಟಿ ಹಾಕಿ ಮಾರಾಯ್ರೆ, ಸರಿಯಾಗ್ತದೆ." ತಮಾಷೆ ನೋಡಿ, ನಾಯಿಯನ್ನು ಜೋರು ಮಾಡಲಿಕ್ಕೂ ನಮ್ಮ ಕಡೆ ಹೇಳುವುದು ಇದೇ ಉಪಾಯ: ಹಗಲು ಕಟ್ಟಿ ಹಾಕಿ, ರಾತ್ರಿ ಬಿಡಿ. ಒಂದೇ ಮದ್ದು, ಎರಡು ತದ್ವಿರುದ್ಧ ಕಾಯಿಲೆಗೆ!

ಮಾಂಸದ ಮಾತು ಬೇಗ ಮುಗಿಯುತ್ತದೆ. ತಟ್ಟೆಯಲ್ಲಿ ಬಂಗುಡೆ ತಲೆ ಇದೆಯೋ ಮೊಸರನ್ನ ಇದೆಯೋ ನೋಡಿ ನಾಯಿ ಕಚ್ಚುವುದಿಲ್ಲ.

ಯಜಮಾನಿಕೆಯ ಕಥೆ ಸ್ವಲ್ಪ ಉದ್ದ, ಯಾಕೆಂದರೆ ಅದಕ್ಕೆ ಒಂದು ಕಾಲದಲ್ಲಿ ವಿಜ್ಞಾನದ ಮೊಹರು ಇತ್ತು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳ ಬಗ್ಗೆ ಬರೆದರು. ಬೇಲಿಯೊಳಗೆ ಕೂಡಿ ಹಾಕಿದ ಆ ತೋಳಗಳು ಸ್ಥಾನಕ್ಕಾಗಿ ಕಾದಾಡುತ್ತಿದ್ದವು. ಗೆದ್ದದ್ದು 'ಆಲ್ಫಾ'. ಅಮೆರಿಕದ ತೋಳ ತಜ್ಞ ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ಈ ಮಾತನ್ನು ಊರೆಲ್ಲ ಹಬ್ಬಿಸಿದರು. ಆಮೇಲೆ ಅವರೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, ಕಾಡಿನ ಹಿಂಡು ಅಂದರೆ ಬಹುಮಟ್ಟಿಗೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು 1999ರಲ್ಲಿ ಬರೆದರು. ಹಳೆಯ ಪುಸ್ತಕ ಅಚ್ಚು ಹಾಕುವುದನ್ನು ನಿಲ್ಲಿಸಿ ಎಂದು ಪ್ರಕಾಶಕರ ಬೆನ್ನು ಬಿದ್ದರು. ಮೀಚ್ ತಿದ್ದಿಕೊಂಡರು. ನಮ್ಮ ಓಣಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಾಗಾದರೆ ಎಂಟು ತಿಂಗಳಿಗೆ ಆಗುವುದೇನು? ಹರೆಯ, ಅಷ್ಟೇ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಸಂಗಡಿಗರು 2020ರಲ್ಲಿ ಒಂದು ಚಂದದ ಪರೀಕ್ಷೆಯ ಫಲ ಪ್ರಕಟಿಸಿದರು. 5 ತಿಂಗಳಿನಲ್ಲಿ ಮನೆಯವರು "ಕೂತ್ಕೋ" ಅಂದರೆ ಕೂರುತ್ತಿದ್ದ ನಾಯಿಗಳು 8 ತಿಂಗಳಿಗೆ ಅವರ ಮಾತು ಕೇಳುವುದು ಕಡಿಮೆಯಾಯಿತು. ಅದೇ ಅಪರಿಚಿತರು ಹೇಳಿದರೆ ಕೂರುತ್ತಿದ್ದವು! ಹೈಸ್ಕೂಲು ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಒಂದು ವರ್ಷದ ಹೊತ್ತಿಗೆ ಅವುಗಳ ವಿಧೇಯತೆ ವಾಪಸು ಬಂತು.

ಆದರೆ ಮಾತು ಕೇಳದಿರುವುದು ಬೇರೆ, ಹಲ್ಲು ತೋರಿಸುವುದು ಬೇರೆ. ಹಲ್ಲಿನ ಹಿಂದೆ ಹೆಚ್ಚಾಗಿ ಇರುವುದು ಹೆದರಿಕೆ. ಈ ವಿಷಯದಲ್ಲಿ ಕರಾವಳಿಯ ಮಳೆಯ ಪಾತ್ರವೂ ಇದೆ ಎಂಬುದು ನನ್ನ ಅನಿಸಿಕೆ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಮೆರಿಕದಲ್ಲಿ ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಹೇಳಿದ್ದು ಹೀಗೆ: ಸುಮಾರು 3ರಿಂದ 12 ವಾರದೊಳಗೆ ಕಂಡದ್ದನ್ನು ಮರಿ ತನ್ನ ಲೋಕವೆಂದು ಸುಲಭದಲ್ಲಿ ಒಪ್ಪಿಕೊಳ್ಳುತ್ತದೆ. ಆಮೇಲೆ ಹೊಸತನ್ನು ಕಂಡರೆ ಅನುಮಾನ ಹೆಚ್ಚು. ಈಗ ಲೆಕ್ಕ ಹಾಕಿ. ಜೂನ್ ಮೊದಲ ವಾರ 45 ದಿನದ ಮರಿ ತಂದಿರಿ. ಜುಲೈ ಮುಗಿಯುವುದರೊಳಗೆ ಆ ಅವಧಿ ಮುಗಿಯಿತು. ಹೊರಗೆ ಧೋ ಎಂದು ಮಳೆ, ಮರಿ ಸಿಟೌಟಿನ ಗ್ರಿಲ್ ದಾಟಲಿಲ್ಲ. ಹೆಲ್ಮೆಟ್ಟಿನ ತಲೆ, ಓಡುವ ಮಕ್ಕಳು, ಚೆಂಡೆಯ ಸದ್ದು ಯಾವುದೂ ಗೊತ್ತಿಲ್ಲ. ಅದಕ್ಕೆ ಎಂಟು ತಿಂಗಳು ತುಂಬುವುದು ಡಿಸೆಂಬರಿನಲ್ಲಿ. ಮುಂಬೈ, ಗಲ್ಫಿನಿಂದ ನೆಂಟರು ಬರುತ್ತಾರೆ. ಪಕ್ಕದ ಗದ್ದೆಯಲ್ಲಿ ಬಯಲಾಟ, ಎದುರು ಮನೆಯ ದೈವಕ್ಕೆ ಕೋಲ, ನಡುರಾತ್ರಿ ಗರ್ನಾಲು. ಹರೆಯದ ಮೈ, ಗಂಟಲಿಗೆ ಹೊಸ ದನಿ, ಮತ್ತು ಈ ಗಲಾಟೆ.

ಈಗ ನನಗೆ ಇಷ್ಟದ ಜಾಗಕ್ಕೆ ಬರುತ್ತೇನೆ: ಗೇಟು.

ಬೆಳಿಗ್ಗೆ ಮೀನಿನ ಸ್ಕೂಟರು ಹಾರ್ನ್ ಹಾಕುತ್ತಾ ಬರುತ್ತದೆ. ನಾಯಿ ಹೆದರಿ ಬೊಗಳುತ್ತದೆ. ಸ್ಕೂಟರು ಹೋಗುತ್ತದೆ. ಅದು ಹೋದದ್ದು ಮುಂದಿನ ಮನೆಗೆ ಬೂತಾಯಿ ಕೊಡಲಿಕ್ಕೆ, ಆದರೆ ನಾಯಿಗೆ ಅದೇನು ಗೊತ್ತು? ಅದರ ಲೆಕ್ಕದಲ್ಲಿ ತಾನು ಬೊಗಳಿದೆ, ಶತ್ರು ಓಡಿತು. ಗ್ಯಾಸಿನವರು, ಕೊರಿಯರಿನವರು, ಮೀಟರು ನೋಡುವವರು ಎಲ್ಲರೂ ಹೀಗೆಯೇ, ಬರುತ್ತಾರೆ, ಬೊಗಳಿಸಿಕೊಳ್ಳುತ್ತಾರೆ, ಹೋಗುತ್ತಾರೆ. ದಿನಕ್ಕೆ ನಾಲ್ಕೈದು ಗೆಲುವು. ಬೇಡದ್ದು ತೊಲಗಿತು ಅಂದರೆ ಅದಕ್ಕೆ ಸ್ವಲ್ಪ ಮೊದಲು ಮಾಡಿದ ಕೆಲಸ ತಲೆಯಲ್ಲಿ ಗಟ್ಟಿಯಾಗುತ್ತದೆ. ಬಹುಮಾನವಾಗಿ ಬಿಸ್ಕತ್ತು ಬೇಕಾಗಿಲ್ಲ, ಸಿಗುವ ನಿರಾಳವೇ ಬಹುಮಾನ. ಮಂತ್ರ ಹೇಳಿದ ಮೇಲೆ ಮಳೆ ನಿಂತಿತು ಎಂದು ನಂಬಿದವನ ಹಾಗೆ ನಮ್ಮ ನಾಯಿಯೂ ತನ್ನ ಮಂತ್ರವನ್ನು ನಂಬಿಬಿಟ್ಟಿದೆ.

1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಹಸಿದ ಪಾರಿವಾಳಗಳ ಮುಂದೆ ನಿಗದಿತ ಹೊತ್ತಿಗೊಮ್ಮೆ ತಾನಾಗಿ ಕಾಳು ಬರುವ ವ್ಯವಸ್ಥೆ ಮಾಡಿದರು. ಹಕ್ಕಿ ಏನು ಮಾಡಿದರೂ, ಮಾಡದಿದ್ದರೂ ಕಾಳು ಬರುತ್ತಿತ್ತು. ಆದರೂ ಒಂದು ಹಕ್ಕಿ ಸುಮ್ನೆ ಸುತ್ತು ತಿರುಗತೊಡಗಿತು, ಇನ್ನೊಂದು ಮೂಲೆಗೆ ತಲೆ ಚಾಚತೊಡಗಿತು. ಸ್ಕಿನ್ನರ್ ಇದನ್ನು ಮೂಢನಂಬಿಕೆ ಎಂದೇ ಕರೆದರು. ನಂತರದವರು ಆ ವಿವರಣೆಯ ಜೊತೆ ಜಗಳ ಆಡಿದ್ದಾರೆ, ಇರಲಿ. ಗೇಟಿನ ಬಳಿ ನಿಂತಾಗ ನನಗೆ ನೆನಪಾಗುವುದು ಆ ಪಾರಿವಾಳಗಳೇ.

ಇಂಥ ನಾಯಿಗೆ ಕೋಲಿನಿಂದ ಹೊಡೆದರೆ ಏನಾಗುತ್ತದೆ? ಅಪರಿಚಿತ ಬಂದಾಗಲೆಲ್ಲ ನೋವೂ ಬರುತ್ತದೆ ಎಂದು ಕಲಿಯುತ್ತದೆ. ಹೆದರಿಕೆಗೆ ಹೊಸ ಸಾಕ್ಷಿ ಸಿಕ್ಕಿತು. ಅಮೆರಿಕದ ಪಶುವೈದ್ಯೆ ಮೆಗನ್ ಹೆರಾನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಾಯಿಗೆ ಹೊಡೆದ ಅಥವಾ ಒದ್ದ ಮಾಲೀಕರಲ್ಲಿ 43 ಶೇಕಡಾ ಮಂದಿ ನಾಯಿ ತಿರುಗಿ ಬಿತ್ತೆಂದು ಹೇಳಿದ್ದರು. ಮಗುಚಿ ಹಾಕಿ ಒತ್ತಿ ಹಿಡಿದವರಲ್ಲಿ 31 ಶೇಕಡಾ. ಇನ್ನೊಂದು ಅಪಾಯವಿದೆ. ಗುರ್ ಎನ್ನುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ದನಿ ನಿಲ್ಲುತ್ತದೆ, ಹೆದರಿಕೆ ಉಳಿಯುತ್ತದೆ. ಆಮೇಲೆ ಅದು ಹೇಳದೆ ಕೇಳದೆ ಕಚ್ಚಬಹುದು. ಹಾಗಾಗಿ ಗುರ್ ಎಂದಾಗ ಹಿಂದೆ ಸರಿಯಿರಿ, ಯಾಕೆ ಎಂದು ಆಮೇಲೆ ಯೋಚಿಸಿ.

ಮಾಡಬೇಕಾದ್ದು ಆ ಗೆಲುವಿನ ಆಟವನ್ನೇ ನಿಲ್ಲಿಸುವುದು. ಮೀನಿನ ಹೊತ್ತಿಗೆ ನಾಯಿ ಹಿತ್ತಲಲ್ಲಿರಲಿ. ಗೇಟಿನ ಸರಳಿಗೆ ಶೀಟು ಹಾಕಿ ಬೀದಿ ಕಾಣದಂತೆ ಮಾಡಿ. ಆಮೇಲೆ ದೂರದಿಂದ ಶುರುಮಾಡಿ: ಹಾರ್ನ್ ಕೇಳಿಸಿದ ಮರುಕ್ಷಣ ಬೇಯಿಸಿದ ಕೋಳಿಯ ಒಂದು ಚೂರು. ಮೊದಲು ಹಾರ್ನ್, ಮತ್ತೆ ಕೋಳಿ. ಈ ಕ್ರಮ ತಲೆಕೆಳಗಾದರೆ ಪ್ರಯೋಜನವಿಲ್ಲ. ನಾಯಿ ಕೋಳಿಯನ್ನೂ ಮೂಸದೆ ಬೊಗಳುತ್ತಿದೆ ಅಂದರೆ ತೀರಾ ಹತ್ತಿರ ಹೋಗಿದ್ದೀರಿ, ಇನ್ನೂ ಹಿಂದೆ ಬನ್ನಿ. ಇದು ವಾರಗಟ್ಟಲೆಯ ಕೆಲಸ, ನಡುವೆ ಒಂದು ಗರ್ನಾಲು ಸಿಡಿದರೆ ಆ ದಿನ ರಜೆ. ಚಪ್ಪಲಿಯೋ ಎಲುಬೋ ಬಾಯಲ್ಲಿ ಹಿಡಿದು ಗುರ್ ಎಂದರೆ ಕಿತ್ತುಕೊಳ್ಳಬೇಡಿ, ಬದಲಿಗೆ ಇನ್ನೂ ರುಚಿಯದ್ದು ಕೊಟ್ಟು ಬಿಡಿಸಿ. ಸಣ್ಣ ಮಕ್ಕಳನ್ನು ಅದರ ಜೊತೆ ಒಂಟಿಯಾಗಿ ಬಿಡಲೇಬೇಡಿ. ಬೀಜ ತೆಗೆಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಹೆದರಿಕೆಯ ಕಚ್ಚಾಟಕ್ಕೆ ಅದನ್ನು ನಂಬಿ ಕೂರುವ ಹಾಗಿಲ್ಲ.

ಮೊನ್ನೆವರೆಗೆ ಸಾಧುವಾಗಿದ್ದ ನಾಯಿ ಮುಟ್ಟಿದ ಕೂಡಲೇ ಸಿಡಿದರೆ ಮೊದಲು ಪಶುವೈದ್ಯರ ಬಳಿ ಹೋಗಿ. ನಮ್ಮ ಸೆಕೆ, ತೇವಕ್ಕೆ ಜೋಲು ಕಿವಿಯ ನಾಯಿಗಳ ಕಿವಿ ಸೋರುವುದು ಸಾಮಾನ್ಯ. ಉಣ್ಣಿ ಜ್ವರ, ಸೊಂಟದ ಕೀಲು ನೋವು ಕೂಡ ಇರಬಹುದು.

ರೇಬಿಸ್ ಬಗ್ಗೆಯೂ ಒಂದು ಮಾತು. ನಾಯಿಯ ನಾಲಿಗೆಯಡಿ ಒಂದು ಹುಳ ಇದೆ, ಮರಿಯಿದ್ದಾಗಲೇ ಅದನ್ನು ತೆಗೆದರೆ ಹುಚ್ಚು ಹಿಡಿಯುವುದಿಲ್ಲ ಎಂದು ರೋಮಿನ ಲೇಖಕ ಪ್ಲಿನಿ ಸುಮಾರು 2000 ವರ್ಷಗಳ ಹಿಂದೆ ಬರೆದಿದ್ದ. ಹುಳ ಎಂದದ್ದು ಎಲ್ಲ ನಾಯಿಗೂ ಇರುವ ಕೊಬ್ಬು, ಸ್ನಾಯುಗಳ ಸಣ್ಣ ಕಡ್ಡಿ. ಯುರೋಪಿನಲ್ಲಿ ಶತಮಾನಗಟ್ಟಲೆ ಮರಿಗಳ ನಾಲಿಗೆ ಕೊಯ್ದರು. ನಾವು ಕಚ್ಚಿದ ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ ಹಚ್ಚುವುದು ಅದೇ ಜಾತಿಯದ್ದು. ನಿಮ್ಮದೇ ಮರಿ ಕಚ್ಚಿ ರಕ್ತ ಬಂದರೂ ನಲ್ಲಿ ನೀರಿನಡಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಹೋಗುವಾಗ ನಾಯಿಯ ಲಸಿಕೆ ಪುಸ್ತಕ ಜೊತೆಗಿರಲಿ. ವೈದ್ಯರು ಮೊದಲು ಕೇಳುವ ವಿಷಯಗಳಲ್ಲಿ ಅದೂ ಒಂದು.