ಇಲಿ ಓಡಿಸೋ ಅಲ್ಟ್ರಾಸೌಂಡ್ ಮಷೀನ್ ಒಂದ ಖೋಲ್ಯಾಗ ಹಚ್ಚಿದ್ರ ಬಾಜೂ ಖೋಲಿಗೂ ಕೆಲಸ ಮಾಡ್ತದೇನ್ರಿ?

ತೊಗರಿ ರಾಶಿ ಮುಗದು ಚೀಲ ಮನಿಗೆ ಬಂದ ಕೂಡ್ಲೇ ಈ ಪ್ರಶ್ನೆ ಬರ್ತದ. ಈ ಸಲ ಆಳಂದ ಕಡೆಯವ್ರು ಒಬ್ರು ಕೇಳ್ಯಾರ, ಮಷೀನ್ ಪಡಸಾಲ್ಯಾಗಿನ ಪ್ಲಗ್ಗಿಗೆ ಹಚ್ಚೀನಿ, ಚೀಲ ಒಳಗಿನ ಖೋಲ್ಯಾಗವ, ನಡುವ ಶಹಾಬಾದ್ ಕಲ್ಲಿನ ಗ್ವಾಡಿ ಅದ, ಸೌಂಡ್ ದಾಟ್ತದೋ ಇಲ್ಲೋ ಅಂತ.

ದಾಟಂಗಿಲ್ರಿ. ಅಲ್ಟ್ರಾಸೌಂಡ್ ಅಂದ್ರ ಮನಷ್ಯಾರ ಕಿವಿಗೆ ಕೇಳದಷ್ಟು ಸಣ್ಣ ದನಿ. ಕಲ್ಲಿನ ಗ್ವಾಡಿ ಬಿಡ್ರಿ, ಒಂದು ದಪ್ಪ ಲಗ್ನಪತ್ರಿಕೆ ದಾಟೂದೂ ಕಷ್ಟ. ನನ್ನ ಹತ್ರ 40 ಕಿಲೋಹರ್ಟ್ಸ್‌ದು, ಅಂದ್ರ ಸೆಕೆಂಡಿಗೆ 40,000 ಸಲ ಅಲಗಾಡೋ ಸೌಂಡಿಂದು, ಸಣ್ಣ ಸೆನ್ಸರ್ ಅದ, ಕಾರ್ ರಿವರ್ಸ್ ತಗೋಳೋವಾಗ ಕೀಂ ಕೀಂ ಅಂತದಲ್ಲ ಆ ನಮೂನಿದು, ಸೌಂಡ್ ಬಿಟ್ಟು ವಾಪಸ್ ಬಂದದ್ದು ಹಿಡದು ದೂರ ಅಳೀತದ. ಎದುರಿನ ಗ್ವಾಡಿಗೆ ಹಿಡಿದ್ರ 213 ಸೆಂಟಿಮೀಟರ್ ತೋರಿಸ್ತು, ನಡುವ ಲಗ್ನಪತ್ರಿಕೆ ಅಡ್ಡ ಹಿಡಿದೆ, 12 ಅಂತು! ಕಿಡಕಿ ಗ್ಲಾಸಿಗೂ ಅಷ್ಟೇ, ಹೊರಗಿನ ಬೇವಿನ ಗಿಡ ನಮಗ ಕಾಣ್ತದ, ಅದಕ್ಕ ಗ್ಲಾಸೇ ಗ್ವಾಡಿ.

ಯಾಕಂದ್ರ ಗಾಳಿ ಹಗರ, ಕಲ್ಲು ಭಾರ, ಬಿರುಸು. ನೊಣ ಬಂದು ಎಮ್ಮಿಗೆ ಬಡದಂಗ, ಎಮ್ಮಿ ಅಲಗಾಡಂಗಿಲ್ಲ, ನೊಣ ವಾಪಸ್. ಸೌಂಡ್ ದಬ್ಬಿದ್ರ ಅಲಗಾಡದ ತಡಿಯೋ ಈ ಗುಣಕ್ಕ ಅಕೂಸ್ಟಿಕ್ ಇಂಪೀಡೆನ್ಸ್ ಅಂತಾರ, ಗಾಳಿದು ಸುಮಾರು 410 ಇದ್ರ ನೀರಿಂದು 15 ಲಕ್ಷ, ಉಕ್ಕಿಂದು 4.5 ಕೋಟಿ. ನೀರಿಗೇ 1000ದಾಗ ಒಂದ ಪಾಲು ಶಕ್ತಿ ಒಳಗ ಹೋಗ್ತದ, ಕಲ್ಲಿಗೆ ಅದಕ್ಕಿಂತ ಕಡಿಮಿ, ಮತ್ತ ಆಚೆ ಬದಿ ಗಾಳಿಗೆ ಬರೋವಾಗ ಇನ್ನೊಮ್ಮೆ ಅದೇ ಕಥಿ. ದವಾಖಾನ್ಯಾಗ ಸ್ಕ್ಯಾನ್ ಮಾಡೋ ಮುಂದ ಹೊಟ್ಟಿಗೆ ತಣ್ಣನ್ನ ಜೆಲ್ ಹಚ್ತಾರಲ್ಲ, ನಡುವಿನ ಗಾಳಿ ತೆಗೀಲಿಕ್ಕೇ ಅದು.

ಹಂಗಾದ್ರ ಗಣಪತಿ ಮುಂದಿನ ಡಿಜೆ ಧಮ್ ಧಮ್ ಮನಿಯೊಳಗ ಹೆಂಗ ಬರ್ತದ ಅಂತೀರಿ. ಅದು ಸೆಕೆಂಡಿಗೆ 50 ಸಲ ನಿಧಾನಕ್ಕ ದಬ್ತದ, ಗ್ವಾಡಿನೇ ಒಂಚೂರು ಅಲಗಾಡ್ತದ. 40,000 ಸಲ ದಬ್ಬಿದ್ರ ಗ್ವಾಡಿ ಸರಿಯೋದ್ರಾಗ ಉಲ್ಟಾ ದಬ್ಬಿಕಿ ಬಂದಿರ್ತದ. ಮತ್ತ ಡಿಜೆ ಅಲೆ ಸುಮಾರು 7 ಮೀಟರ್ ಉದ್ದ, ಮೂಲಿ ಸುತ್ತಿ ಬರ್ತದ, 40,000 ಸಲದ ಸೌಂಡಿಂದು 8.5 ಮಿಲಿಮೀಟರ್, ಟಾರ್ಚ್ ಬೆಳಕಿನಂಗ ಸೀದಾ ಹೋಗಿ ಅಲ್ಮಾರಿ ಹಿಂದ ನೆರಳು ಬಿಡ್ತದ.

ಬಾಗಲಾ ತೆರದಿದ್ರ ಸ್ವಲ್ಪ ಹೋಗ್ತದ, ಗಿಲಾಯಿ ಮಾಡಿದ ಗ್ವಾಡಿಗೆ ಬಡದು ತಿರುಗಿ ತಿರುಗಿ. ಆದ್ರ ಚೀಲದ ರಾಶಿ ಅದನ್ನ ನುಂಗ್ತದ, ಇಲಿ ಕೂಡೋದು ಆ ಚೀಲದ ಸಂದ್ಯಾಗೇ! ಎದುರಾ ಎದುರ ಹಚ್ಚಿದ್ರೂ ಇಲಿ ಓಡ್ತಾವೋ ಇಲ್ಲೋ ಅನ್ನೋದು ಬ್ಯಾರೆ ಮಾತು, 2001ರಾಗ ಗಿರಾಕಿಗೆ ಮೋಸ ಆಗದಂಗ ನೋಡ್ಕೊಳ್ಳೋ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನು ಇಂಥಾ ಮಷೀನ್ ಮಾಡೋರು, ಮಾರೋರು ಸೇರಿ 60ಕ್ಕಿಂತ ಜಾಸ್ತಿ ಮಂದಿಗೆ ವೈಜ್ಞಾನಿಕ ಪುರಾವೆ ಇಲ್ದ ಇಲಿ ಓಡ್ತಾವ ಅಂತ ಹೇಳಬ್ಯಾಡ್ರಿ ಅಂತ ಪತ್ರ ಬರದಿತ್ತು.

ನನ್ನ ಕೇಳಿದ್ರ ಆ ರೊಕ್ಕದಾಗ ಬಾಗಲಾ ಕೆಳಗ ತಗಡಿನ ಪಟ್ಟಿ ಹೊಡಸ್ರಿ, ಮೋರಿ ಬಾಯಿಗೆ ಜಾಳಗಿ ಹಾಕ್ರಿ, ಚೀಲ ಗ್ವಾಡಿಯಿಂದ ಒಂದ ಗೇಣು ದೂರ ಕಟಗಿ ಮ್ಯಾಲ ಇಡ್ರಿ.