ಸಂಪುಟದಲ್ಲಿರುವ ಸಮುದ್ರಜೀವಿ

ದಾವಣಗೆರೆಯ ಹಳೇ ಪೇಟೆಯ ಕೆಲವು ಮನೆಗಳಲ್ಲಿ ಇವತ್ತಿಗೂ ಸಾಲಿಗ್ರಾಮದ ಪೂಜೆ ತಪ್ಪದೆ ನಡೆಯುತ್ತದೆ. ದೇವರ ಮನೆಯಲ್ಲಿ ಒಂದು ಸಂಪುಟ, ಅಂದರೆ ಪುಟ್ಟ ಪೆಟ್ಟಿಗೆ, ಅದರೊಳಗೆ ವಿಷ್ಣು ಎಂದೇ ಪೂಜಿಸುವ, ಅಂಗೈಯಲ್ಲಿ ಹಿಡಿಸುವಷ್ಟು ಕರೀ ಕಲ್ಲು. ಬೆಳಗ್ಗೆ ಅದನ್ನು ಹೊರಗೆ ತೆಗೆದು, ನೀರೆರೆದು, ಒರೆಸಿ, ಗಂಧ ಹಚ್ಚಿ, ಮೇಲೊಂದು ತುಳಸಿ ದಳ ಇಡುತ್ತಾರೆ. ಎರೆದ ನೀರೇ ತೀರ್ಥ. ಪರ ಊರಿಗೆ ಹೊರಟರೆ ಸಂಪುಟ ಜೊತೆಗೇ ಹೋಗುತ್ತದೆ, ಇಲ್ಲವೇ ಪೂಜೆ ಮಾಡಬಲ್ಲ ನೆಂಟರ ಮನೆ ಸೇರುತ್ತದೆ. ಸಾಲಿಗ್ರಾಮ ಮನೆಗೆ ಬಂದ ಮೇಲೆ ಅದಕ್ಕೆ ರಜೆ ಇಲ್ಲ.

ಹದಿನೈದು ಕಿಲೋಮೀಟರ್ ದೂರದಲ್ಲೇ ತುಂಗಭದ್ರೆ ಹರಿಯುತ್ತಾಳೆ, ಅಲ್ಲಿ ನುಣುಪು ಕಲ್ಲುಗಳಿಗೇನೂ ಕೊರತೆ ಇಲ್ಲ. ಆದರೆ ಸಾಲಿಗ್ರಾಮ ಬರಬೇಕಾದ್ದು ನೇಪಾಳದ ಕಾಳಿ ಗಂಡಕಿಯಿಂದ. ಮುಕ್ತಿನಾಥದ ಸುತ್ತಿನ ಬೆಟ್ಟಗಳ ಕಡೆಯಿಂದ ಇಳಿದು, 8,167 ಮೀಟರ್‌ನ ಧವಳಗಿರಿಗೂ 8,091 ಮೀಟರ್‌ನ ಅನ್ನಪೂರ್ಣಕ್ಕೂ ನಡುವಿನ ಆಳವಾದ ಕಣಿವೆಯಲ್ಲಿ ನುಗ್ಗುವ ನದಿ ಅದು. ನೀರು ಕಪ್ಪಗೆ ಕಾಣುವುದು ಅದು ಕೊಚ್ಚಿ ತರುವ ಕರೀ ಮಣ್ಣಿನಿಂದ. ಈ ಮಣ್ಣಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಮಡಿಯಲ್ಲಿರುವವರು ಹತ್ತಿರ ಬಿಟ್ಟರೆ ಒಮ್ಮೆ ಬಗ್ಗಿ ನೋಡಿ. ಹೊರಗೆಲ್ಲ ನುಣುಪು. ಒಂದು ಕಡೆ ಸಣ್ಣ ಬಾಯಿ, ಅದಕ್ಕೆ ವದನ ಎನ್ನುತ್ತಾರೆ. ಬಾಯಿಯೊಳಗೆ ಬೆಳಕು ಬಿಟ್ಟರೆ ಗೋಡೆಯ ಮೇಲೆ ಸುರುಳಿ ಕಾಣುತ್ತದೆ. ಸುರುಳಿಯ ಉದ್ದಕ್ಕೂ ಒತ್ತೊತ್ತಾಗಿ ಸಣ್ಣ ಸಣ್ಣ ಏಣುಗಳು, ನಡುವಿನಿಂದ ಅಂಚಿಗೆ ಹೋದಂತೆ ದಪ್ಪವಾಗುತ್ತಾ ಹೋಗುತ್ತವೆ. ಇದೇ ಚಕ್ರ. ಕೆಲವದರಲ್ಲಿ ಹೊರಮೈಗೆ ಒಂದು ಬಿಳೀ ಗೆರೆ ಸುತ್ತಿರುತ್ತದೆ, ಅದು ವನಮಾಲೆ. ಕೆಲವದರಲ್ಲಿ ಬಾಯಿಯೊಳಗೆ ಚಿನ್ನದ ಹೊಳಪು.

ಈ ಗುರುತುಗಳನ್ನು ಇಟ್ಟುಕೊಂಡೇ ಪುರಾಣಗಳು ಕಲ್ಲುಗಳಿಗೆ ಹೆಸರು ಕೊಟ್ಟಿವೆ. ಒಂದು ಬಾಯಿ, ನಾಲ್ಕು ಚಕ್ರ, ವನಮಾಲೆ ಇದ್ದರೆ ಲಕ್ಷ್ಮೀನಾರಾಯಣ. ಒಂದೇ ಚಕ್ರ ಇದ್ದರೆ ಸುದರ್ಶನ. ತೀರಾ ಚಿಕ್ಕದಾಗಿದ್ದು ಎರಡು ಚಕ್ರ ಇದ್ದರೆ ವಾಮನ. ಬಾಯಿ ಅಗಲವಾಗಿ ತೆರೆದು, ನೋಡಲು ಭಯ ಹುಟ್ಟಿಸುವಂತಿದ್ದರೆ ನರಸಿಂಹ. ಇದನ್ನು ಪೂಜಿಸಿದರೆ ವೈರಾಗ್ಯ ಬರುತ್ತದೆಂದು ಬ್ರಹ್ಮವೈವರ್ತ ಪುರಾಣ ಹೇಳುತ್ತದೆ. ಸಂಸಾರಸ್ಥರು ಇದರಿಂದ ಸ್ವಲ್ಪ ದೂರ ಇರುವುದು ಅದಕ್ಕೇ ಇರಬೇಕು! ಆಕಾರ, ಬಣ್ಣ, ಗೆರೆ ನೋಡಿ ವಿಂಗಡಿಸುವ ಈ ಶ್ರದ್ಧೆ ನನಗೆ ಬಹಳ ಇಷ್ಟ. ಇವತ್ತಿನ ಪಳೆಯುಳಿಕೆ ತಜ್ಞರು ಶುರು ಮಾಡುವುದೂ ಅಲ್ಲಿಂದಲೇ.

ಸಾಲಿಗ್ರಾಮದ ತತ್ವ ಏನೆಂದು ತಿಳಿಯಬೇಕಾದರೆ ಒಮ್ಮೆ ಹರಿಹರಕ್ಕೆ ಹೋಗಿ ಬರಬೇಕು. ಅಲ್ಲಿಯ ಹರಿಹರೇಶ್ವರ ದೇವಸ್ಥಾನವನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಮೂರ್ತಿಯ ಬಲಗಡೆ ಹರ, ಎಡಗಡೆ ಹರಿ. ಏನು ಹೇಳಬೇಕೆಂದು ಶಿಲ್ಪಿಗೆ ಮೊದಲೇ ಗೊತ್ತಿತ್ತು, ಅದನ್ನು ಕಲ್ಲಿನಲ್ಲಿ ಬಿಡಿಸಿದ. ಇಂಥ ಮೂರ್ತಿಗೆ ಕೆತ್ತನೆ ಮುಗಿದರೂ ಸಾಲದು, ಪ್ರಾಣಪ್ರತಿಷ್ಠೆ ಆಗಬೇಕು. ಸಾಲಿಗ್ರಾಮಕ್ಕೆ ಇವೆರಡೂ ಬೇಡ. ಉಳಿ ಮುಟ್ಟಿಸುವಂತಿಲ್ಲ, ಆವಾಹನೆ ಮಾಡಬೇಕಿಲ್ಲ. ದೇವರು ಅದರಲ್ಲಿ ಮೊದಲೇ ಇದ್ದಾನೆ ಎಂಬುದು ನಂಬಿಕೆ. ಐದು ದೇವರನ್ನು ಒಟ್ಟಿಗೆ ಪೂಜಿಸುವ ಸ್ಮಾರ್ತರ ಪಂಚಾಯತನ ಪೂಜೆಯಲ್ಲೂ ಇದೇ ಕ್ರಮ ಇದೆ. ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಶೋಣಭದ್ರ ನದಿಯ ಕೆಂಪು ಕಲ್ಲು, ಸೂರ್ಯನಿಗೆ ಸ್ಫಟಿಕ. ಯಾವುದಕ್ಕೂ ಕಣ್ಣು ಮೂಗು ಇಲ್ಲ, ಎಲ್ಲವೂ ಸಿಕ್ಕ ಹಾಗೇ.

ಹಾಗಾದರೆ ಎಲ್ಲ ಕಡೆ ಇರುವ ದೇವರು ಅಂಗೈಯಷ್ಟು ಕಲ್ಲಿನಲ್ಲಿ ಹಿಡಿಸುವುದು ಹೇಗೆ? ಇದು ಸುಮ್ನೆ ತಲೆಹರಟೆ ಪ್ರಶ್ನೆ ಅಲ್ಲ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇದರ ಹತ್ತಿರದ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾರೆ. ಬ್ರಹ್ಮ ಸರ್ವವ್ಯಾಪಿ ಆದ ಮೇಲೆ ಉಪನಿಷತ್ತು ಅದನ್ನು ಎದೆಯೊಳಗಿನ ಪುಟ್ಟ ಜಾಗದಲ್ಲಿ ಹುಡುಕು ಎನ್ನುವುದೇಕೆ? ಅದಕ್ಕೆ ಅವರು ಕೊಡುವ ಉದಾಹರಣೆ ಸಾಲಿಗ್ರಾಮ. ಹರಿಯನ್ನು ಸಾಲಿಗ್ರಾಮದಲ್ಲಿ ಕಾಣಿ ಎಂದರೆ ಹರಿ ಅಷ್ಟೇ ಎಂದಲ್ಲ. ಮನಸ್ಸಿಗೆ ನಿಲ್ಲಲು ಒಂದು ಜಾಗ ಬೇಕು, ಅಷ್ಟಕ್ಕೆ ಆ ಕಲ್ಲು. ಸಾವಿರಕ್ಕೂ ಜಾಸ್ತಿ ವರ್ಷದ ಹಿಂದೆಯೇ ಓದುಗರಿಗೆ ವಿವರಣೆ ಇಲ್ಲದೆ ಅರ್ಥವಾಗುವಷ್ಟು ಈ ಪೂಜೆ ರೂಢಿಯಲ್ಲಿತ್ತು ಎಂಬುದೂ ಇದರಿಂದ ತಿಳಿಯುತ್ತದೆ.

ಇನ್ನು ಆ ಚಕ್ರ. ಬ್ರಹ್ಮವೈವರ್ತ ಪುರಾಣದ ಕತೆ ಹೀಗಿದೆ. ಶಂಖಚೂಡನೆಂಬ ಅಸುರನ ಹೆಂಡತಿ ತುಳಸಿ. ವಿಷ್ಣು ಗಂಡನ ವೇಷದಲ್ಲಿ ಬಂದು ಅವಳಿಗೆ ಮೋಸ ಮಾಡುತ್ತಾನೆ. ನಿನ್ನದು ಕಲ್ಲು ಮನಸ್ಸು, ಕಲ್ಲಾಗಿ ಹೋಗು ಎಂದು ಅವಳು ಶಾಪ ಕೊಡುತ್ತಾಳೆ. ಅವನು ಒಪ್ಪಿಕೊಳ್ಳುತ್ತಾನೆ. ಅವಳ ದೇಹ ಗಂಡಕಿ ನದಿಯಾಗುತ್ತದೆ, ಕೂದಲು ತುಳಸಿ ಗಿಡವಾಗುತ್ತದೆ, ಅವನು ದಡದ ಬೆಟ್ಟದಲ್ಲಿ ಕಲ್ಲಾಗುತ್ತಾನೆ. ವಜ್ರದಂಥ ಹಲ್ಲಿನ ಹುಳುಗಳು ಆ ಕಲ್ಲನ್ನು ಕೊರೆದು ಚಕ್ರ ಮಾಡುತ್ತವೆ. ಸಾಲಿಗ್ರಾಮದ ಮೇಲೆ ತುಳಸಿ ದಳ ಇರಲೇಬೇಕು ಎಂಬ ನಿಯಮದ ಹಿಂದೆ ಇರುವುದು ಒಬ್ಬ ಹೆಂಗಸಿನ ಸಿಟ್ಟು. ದೇವರೂ ತಪ್ಪಿಗೆ ಶಿಕ್ಷೆ ಅನುಭವಿಸುವ ಈ ಕತೆ ಪೂಜೆಯ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ವಿಜ್ಞಾನದ ಕಡೆಯಿಂದ ನೋಡಿದರೆ ಕತೆಯ ಹುಳು ಕುತೂಹಲ ಹುಟ್ಟಿಸುತ್ತದೆ. ಚಕ್ರ ಮಾಡಿದ್ದು ನಿಜಕ್ಕೂ ಒಂದು ಜೀವಿಯೇ. ಹಾಗಂತ ನಮ್ಮ ಹಿರಿಯರಿಗೆ ಪಳೆಯುಳಿಕೆ ಶಾಸ್ತ್ರ ಗೊತ್ತಿತ್ತು ಎಂದು ಕುಣಿಯಬೇಕಿಲ್ಲ. ಇಷ್ಟು ಕ್ರಮವಾದ ಸುರುಳಿ ನೀರಿನ ಹೊಡೆತದಿಂದ ಆಗಲಾರದು, ಯಾವುದೋ ಪ್ರಾಣಿಯ ಕೆಲಸ ಇದು ಎಂದು ಅವರು ಊಹಿಸಿದ್ದರು. ಹುಳು ಹೊರಗಿನಿಂದ ಬಂದು ಕೊರೆಯಿತು ಎಂದುಕೊಂಡರು. ಪ್ರಾಣಿ ಇದ್ದದ್ದು ಒಳಗೆ.

ಅದರ ಹೆಸರು ಅಮೊನೈಟ್. ಆಕ್ಟೋಪಸ್, ಸ್ಕ್ವಿಡ್‌ಗಳ ದೂರದ ನೆಂಟ, ಆದರೆ ಮೈಗೊಂದು ಸುರುಳಿ ಚಿಪ್ಪು. ಚಿಪ್ಪಿನೊಳಗೆ ಸಾಲಾಗಿ ಕೋಣೆಗಳು. ಪ್ರಾಣಿ ವಾಸಿಸುತ್ತಿದ್ದುದು ಕಟ್ಟಕಡೆಯ ಕೋಣೆಯಲ್ಲಿ ಮಾತ್ರ. ಬೆಳೆದಂತೆ ಮುಂದೆ ಸರಿದು, ಹಿಂದೆ ಒಂದು ಗೋಡೆ ಕಟ್ಟಿಕೊಳ್ಳುತ್ತಿತ್ತು. ಖಾಲಿ ಬಿಟ್ಟ ಕೋಣೆಗಳಲ್ಲಿ ಗಾಳಿ ತುಂಬಿರುತ್ತಿದ್ದುದರಿಂದ ಅಷ್ಟು ಭಾರದ ಚಿಪ್ಪು ಹೊತ್ತೂ ನೀರಿನಲ್ಲಿ ತೇಲಬಹುದಿತ್ತು. ಪ್ರತಿ ಸುತ್ತೂ ಹಿಂದಿನ ಸುತ್ತಿಗಿಂತ ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ ಅಗಲ. ಹಾಗಾಗಿ ಮರಿಯ ಚಿಪ್ಪನ್ನು ದೊಡ್ಡದು ಮಾಡಿ ನೋಡಿದರೆ ಬಹುಮಟ್ಟಿಗೆ ದೊಡ್ಡದರ ಚಿಪ್ಪೇ ಕಾಣುತ್ತದೆ. ಗಾತ್ರ ಬದಲಾದರೂ ಆಕಾರ ಬದಲಾಗದ ಈ ಸುರುಳಿಗೆ ಗಣಿತದಲ್ಲಿ ಲಾಗರಿದಮಿಕ್ ಸುರುಳಿ ಎಂದು ಹೆಸರು.

ಇವು ಸುಮಾರು 40 ಕೋಟಿ ವರ್ಷದ ಹಿಂದೆ ಹುಟ್ಟಿ, 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಜೊತೆ ಅಳಿದವು. ಗಂಡಕಿಯ ಸಾಲಿಗ್ರಾಮಗಳಲ್ಲಿರುವುದು ಹೆಚ್ಚಾಗಿ ಜುರಾಸಿಕ್ ಕಾಲದ ಕೊನೆಯವು, ಹತ್ತಿರ ಹತ್ತಿರ 15 ಕೋಟಿ ವರ್ಷದಷ್ಟು ಹಳೆಯವು. ಆಗ ಹಿಮಾಲಯ ಇರಲಿಲ್ಲ. ಭಾರತದ ಉತ್ತರ ತೀರಕ್ಕೆ ಟೆಥಿಸ್ ಎಂಬ ಸಮುದ್ರ ಬಡಿಯುತ್ತಿತ್ತು. ಸತ್ತ ಅಮೊನೈಟ್ ತಳದ ಕರೀ ಕೆಸರಿನಲ್ಲಿ ಹೂತುಹೋಗುತ್ತಿತ್ತು. ಮೈ ಕೊಳೆಯುವಾಗ ಬ್ಯಾಕ್ಟೀರಿಯಾಗಳು ಸುತ್ತಲಿನ ನೀರಿನ ರಸಾಯನವನ್ನೇ ಬದಲಿಸಿದವು. ಖನಿಜಗಳು ಚಿಪ್ಪಿನ ಸುತ್ತ ಗಟ್ಟಿಯಾಗಿ ಕೂತು ಉಂಡೆ ಕಟ್ಟಿದವು. ಕಬ್ಬಿಣ ಮತ್ತು ಗಂಧಕ ಸೇರಿ ಪೈರೈಟ್ ಆಯಿತು. ಸಾಲಿಗ್ರಾಮದ ಬಾಯಿಯೊಳಗೆ ಹೊಳೆಯುವ ಚಿನ್ನ ಸಾಮಾನ್ಯವಾಗಿ ಇದೇ. ಎಷ್ಟೋ ಕಡೆ ಚಿಪ್ಪು ಕರಗಿ ಹೋಯಿತು, ಅಚ್ಚು ಉಳಿಯಿತು. ಚಕ್ರ ಎಂದು ಕೈ ಮುಗಿಯುವುದು ಈಗ ಇಲ್ಲದ ಚಿಪ್ಪಿನ ಅಚ್ಚಿಗೆ.

ಸುಮಾರು 5 ಕೋಟಿ ವರ್ಷದ ಹಿಂದೆ ಭಾರತ ಏಷ್ಯಾಕ್ಕೆ ಗುದ್ದಿತು. ನಡುವಿನ ಸಮುದ್ರತಳ ಮಡಚಿಕೊಂಡು ಮೇಲೆದ್ದಿತು. ಆ ಕರೀ ಕೆಸರು ಈಗ ಲಡಾಖ್, ಸ್ಪಿತಿಯಿಂದ ನೇಪಾಳದವರೆಗೆ ಪದರಗಲ್ಲಾಗಿ ನಿಂತಿದೆ, ಅದಕ್ಕೆ ಸ್ಪಿತಿ ಶೇಲ್ ಎನ್ನುತ್ತಾರೆ. ಪದರಗಲ್ಲು ಮೆತ್ತಗೆ, ಉಂಡೆ ಗಟ್ಟಿ. ಮಳೆ ಹಿಮಕ್ಕೆ ಕಲ್ಲು ಸವೆದು ಉಂಡೆ ಬಿಡಿಸಿಕೊಳ್ಳುತ್ತದೆ, ನದಿ ಉರುಳಿಸಿ ನುಣುಪು ಮಾಡುತ್ತದೆ. ಕಾಳಿ ಗಂಡಕಿಯ ನೀರು ಕಪ್ಪಾಗುವುದು ಈ ಶೇಲ್‌ನ ಪುಡಿಯಿಂದ.

ಅಮೊನೈಟ್ ಬೇರೆ ದೇಶಗಳಲ್ಲೂ ಸಿಗುತ್ತದೆ, ಕತೆಯೂ ಅದರ ಜೊತೆ ಸಿಗುತ್ತದೆ. ಇಂಗ್ಲೆಂಡಿನ ವಿಟ್‌ಬಿಯಲ್ಲಿ ಸಂತ ಹಿಲ್ಡಾ ಹಾವುಗಳನ್ನು ಸುರುಳಿ ಕಲ್ಲು ಮಾಡಿದಳು ಎನ್ನುತ್ತಿದ್ದರು. ತಲೆ ಎಲ್ಲಿ ಎಂದು ಗಿರಾಕಿಗಳು ಕೇಳಿದ್ದಕ್ಕೋ ಏನೋ, ವ್ಯಾಪಾರಿಗಳು ಹಾವಿನ ತಲೆ ಕೆತ್ತಿ ಮಾರಿದರು! ಚಿತ್ರದುರ್ಗದವರಿಗೆ ಇದೇನೂ ಹೊಸದಲ್ಲ. ನಮ್ಮ ಕೋಟೆಯ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬಾಸುರನ ಹಲ್ಲು ಎಂದು ಒಂದನ್ನು ತೋರಿಸುತ್ತಾರಲ್ವಾ.

ಹಾಗಾದರೆ ಚಿತ್ರದುರ್ಗದ ಬೆಟ್ಟಗಳಲ್ಲಿ ಸಾಲಿಗ್ರಾಮ ಯಾಕೆ ಸಿಗುವುದಿಲ್ಲ? ಇಲ್ಲಿ ಸಮುದ್ರ ಇರಲಿಲ್ಲ ಎಂದಲ್ಲ. ಚಿತ್ರದುರ್ಗದಿಂದ ಆಗ್ನೇಯಕ್ಕೆ ಸುಮಾರು 16 ಕಿ.ಮೀ. ದೂರದ ಮರಡಿಹಳ್ಳಿಗೆ ಹೋಗಿ ನೋಡಿ. ಅಲ್ಲಿ ಬಂಡೆಯ ತುಂಬ ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿಟ್ಟಂಥ ಆಕಾರಗಳು. ನೀರಿನಡಿ ಉಕ್ಕಿದ ಲಾವಾ ಮೇಲ್ಮೈ ತಣಿದು ಸಿಪ್ಪೆ ಕಟ್ಟುತ್ತದೆ. ಒಳಗಿನ ಬಿಸಿ ಲಾವಾ ಸಿಪ್ಪೆ ಒಡೆದು ಚಕ್ಕುಲಿ ಒರಳಿನಿಂದ ಹಿಟ್ಟು ಬಂದ ಹಾಗೆ ಹೊರಬಂದು ಮತ್ತೆ ತಣಿಯುತ್ತದೆ. ನೀರಿಲ್ಲದೆ ಈ ಆಕಾರ ಬರುವುದಿಲ್ಲ. ಅಂದರೆ ದುರ್ಗದ ಸೀಮೆಯೂ ಒಂದು ಕಾಲಕ್ಕೆ ಸಮುದ್ರತಳವೇ. ಆದರೆ ಇದು ಸುಮಾರು 250 ಕೋಟಿ ವರ್ಷದ ಹಿಂದಿನ ಮಾತು. ಆಗ ಚಿಪ್ಪು ಕಟ್ಟುವ ಪ್ರಾಣಿಯೇ ಹುಟ್ಟಿರಲಿಲ್ಲ. ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಅವು ಪದರ ಪದರವಾಗಿ ಬೆಳೆದ ಗುರುತು ಸ್ಟ್ರೊಮಾಟೊಲೈಟ್ ಎಂಬ ಹೆಸರಿನಲ್ಲಿ ಚಿತ್ರದುರ್ಗ ಶಿಲಾಪಟ್ಟಿಯ ಸುಣ್ಣಕಲ್ಲಿನಲ್ಲಿ ಉಳಿದಿದೆ. ಗಂಡಕಿಯ ಕಲ್ಲಿಗಿಂತ ಹದಿನೈದು ಪಟ್ಟಿಗೂ ಜಾಸ್ತಿ ಹಳೆಯದು, ಆದರೆ ಚಕ್ರ ಇಲ್ಲವಲ್ಲ, ಯಾರೂ ಮನೆಗೆ ಒಯ್ದು ಪೂಜೆಗೆ ಇಡಲಿಲ್ಲ. ಮರಡಿಹಳ್ಳಿಯ ಬಂಡೆಯನ್ನು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಹೋದವರು ನೋಡಿಕೊಂಡು ಬನ್ನಿ, ನೆನಪಿಗಿರಲಿ ಎಂದು ಒಂದು ಚೂರು ಒಡೆದು ತರಬೇಡಿ.