ಟರ್ಬೊ ಎಂಜಿನ್ನಿನ ಗಾಳಿಪೈಪು: ಅಗಲ ಎಲ್ಲಿ ಬೇಕು, ಎಲ್ಲಿ ಬೇಡ

ಟರ್ಬೊ ಕಾರಿನ ಗಾಳಿಪೈಪು ಬದಲಿಸಬೇಕೆಂದು ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ‘ಎಷ್ಟು ಇಂಚಿನದು ಹಾಕಿಸಲಿ?’ ಇದಕ್ಕೆ ‘ಯಾವ ಪೈಪಿನ ಬಗ್ಗೆ ಕೇಳುತ್ತಿದ್ದೀರಿ?’ ಎಂದು ನಾನು ಮರುಪ್ರಶ್ನೆ ಹಾಕಿದರೆ, ನುಣುಚಿಕೊಳ್ಳಲು ಆಡಿದ ಮಾತಿನಂತೆ ಹಲವರಿಗೆ ಕೇಳಿಸುತ್ತದೆ. ಆದರೆ ಫಿಲ್ಟರಿನಿಂದ ಎಂಜಿನ್ನಿನವರೆಗಿನ ಗಾಳಿಯ ದಾರಿಯಲ್ಲಿ ಮೂರು ಬೇರೆ ಬೇರೆ ಸ್ವಭಾವದ ಪೈಪುಗಳಿವೆ. ಫಿಲ್ಟರಿನಿಂದ ಟರ್ಬೊದ ಕಂಪ್ರೆಸರಿನ, ಅಂದರೆ ಗಾಳಿಯನ್ನು ಒತ್ತಿ ಎಂಜಿನ್ನಿನತ್ತ ತಳ್ಳುವ ಭಾಗದ, ಬಾಯಿಗೆ ಬರುವುದು ಮೊದಲನೆಯದು. ಇಲ್ಲಿನ ಒತ್ತಡ ಹೊರಗಿನ ವಾತಾವರಣದ್ದಕ್ಕಿಂತ ತುಸು ಕಡಿಮೆ. ಕಂಪ್ರೆಸರಿನಿಂದ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವುದು ಎರಡನೆಯದು. ಇಲ್ಲಿ ಒತ್ತಡವೂ ಹೆಚ್ಚು, ಬಿಸಿಯೂ ಹೆಚ್ಚು. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ಲಿಗೆ ಬರುವುದು ಮೂರನೆಯದು. ಇಲ್ಲಿ ಒತ್ತಡ ಹೆಚ್ಚುಕಡಿಮೆ ಹಾಗೆಯೇ ಇದ್ದು ಬಿಸಿ ಇಳಿದಿರುತ್ತದೆ. ಈ ಮೂರಕ್ಕೂ ಒಂದೇ ಅಳತೆಯ ಪೈಪು ಹಾಕಿಸುವುದು ಮನೆಯವರೆಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಕೊಂಡಂತೆ.

ಲೆಕ್ಕ ಹಾಕಿ ನೋಡಿದರೆ ಮಾತು ಸ್ಪಷ್ಟವಾಗುತ್ತದೆ. 2 ಲೀಟರಿನ ಪೆಟ್ರೋಲ್ ಎಂಜಿನ್ನೊಂದು ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ, ಬೂಸ್ಟ್, ಅಂದರೆ ವಾತಾವರಣದ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ, 1 ಬಾರ್ (100 ಕಿಲೋಪಾಸ್ಕಲ್, ಸುಮಾರು ವಾತಾವರಣದ ಒತ್ತಡದಷ್ಟೇ) ಇದೆ ಎಂದುಕೊಳ್ಳೋಣ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ತುಂಬಿಕೊಳ್ಳುವುದರಿಂದ, ಶೇಕಡಾ 90ರಷ್ಟು ತುಂಬಿಕೆ ಹಿಡಿದರೆ, ಎಂಜಿನ್ ಸೆಕೆಂಡಿಗೆ 90 ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇದು ಒತ್ತಲ್ಪಟ್ಟು, ಇಂಟರ್‌ಕೂಲರಿನಲ್ಲಿ ಸುಮಾರು 50 ಡಿಗ್ರಿ ಸೆಲ್ಸಿಯಸ್ಸಿಗೆ ತಣಿದ ಗಾಳಿ. ಅಷ್ಟೇ ತೂಕದ ಗಾಳಿ ಫಿಲ್ಟರಿನ ಬಳಿ, 27 ಡಿಗ್ರಿಯ ಸಾಧಾರಣ ಹವೆಯಲ್ಲಿ, ಸುಮಾರು 167 ಲೀಟರ್ ಜಾಗ ಹಿಡಿಯುತ್ತದೆ. ಕಂಪ್ರೆಸರಿನಿಂದ ಆಗಷ್ಟೇ ಹೊರಬಿದ್ದ ಬಿಸಿ ಗಾಳಿಯಾಗಿದ್ದರೆ ಸುಮಾರು 110 ಲೀಟರ್. ಒಳವ್ಯಾಸ 57 ಮಿ.ಮೀ. ಇರುವ ಒಂದೇ ಪೈಪನ್ನು ಮೂರೂ ಕಡೆ ಹಾಕಿದರೆ ಗಾಳಿಯ ವೇಗ ಮೊದಲನೆಯದರಲ್ಲಿ ಸೆಕೆಂಡಿಗೆ 65 ಮೀಟರ್, ಎರಡನೆಯದರಲ್ಲಿ 43, ಮೂರನೆಯದರಲ್ಲಿ 35. ಅಂದರೆ ಇಕ್ಕಟ್ಟು ಇರುವುದು ಎಲ್ಲರೂ ಹಣ ಸುರಿಯುವ ಒತ್ತಡದ ಬದಿಯಲ್ಲಲ್ಲ. ಯಾರ ಕಣ್ಣಿಗೂ ಬೀಳದಂತೆ ಫಿಲ್ಟರ್ ಡಬ್ಬಿಯ ಹಿಂದೆ ಅಡಗಿರುವ ಆ ಮೊದಲ ಪೈಪಿನಲ್ಲಿ.

ಪೈಪಿನಲ್ಲಿ ಕಳೆದುಹೋಗುವ ಒತ್ತಡವು ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ಮೊದಲ ಪೈಪನ್ನು 57ರಿಂದ 76 ಮಿ.ಮೀ.ಗೆ ಹಿಗ್ಗಿಸಿದರೆ ವೇಗ 37 ಮೀಟರಿಗೆ ಇಳಿಯುತ್ತದೆ, ಅದೇ ಬಗೆಯ ತಿರುವಿನಲ್ಲಿ ಆಗುವ ನಷ್ಟ ಮೂರನೇ ಒಂದಕ್ಕೆ ಕುಗ್ಗುತ್ತದೆ. ಇದರ ಜೊತೆಗೆ, ಕಂಪ್ರೆಸರಿನ ಮುಂದೆ ಆಗುವ ನಷ್ಟಕ್ಕೆ ಬಡ್ಡಿ ಸೇರಿಕೊಳ್ಳುತ್ತದೆ ಎಂಬುದನ್ನೂ ಗಮನಿಸಬೇಕು. ಕಂಪ್ರೆಸರ್ ತನ್ನ ಬಾಯಿಗೆ ಬಂದ ಒತ್ತಡವನ್ನು ಇಂತಿಷ್ಟು ಪಟ್ಟು ಏರಿಸುವ ಯಂತ್ರ. ಬಾಯಿಯಲ್ಲಿ 100 ಕಿಲೋಪಾಸ್ಕಲ್ ಇದ್ದಾಗ 200ಕ್ಕೆ ಏರಿಸಲು ಎರಡು ಪಟ್ಟು ಸಾಕು. ಕೊಳೆಯಾದ ಫಿಲ್ಟರ್ ಮತ್ತು ಕಿರಿದಾದ ಪೈಪು ಸೇರಿ 5 ಕಿಲೋಪಾಸ್ಕಲ್ ನುಂಗಿದರೆ, ಅದೇ 200ಕ್ಕೆ ಮುಟ್ಟಲು 2.1 ಪಟ್ಟು ಏರಿಸಬೇಕಾಗುತ್ತದೆ. ಕಂಪ್ರೆಸರಿನ ದಕ್ಷತೆ ಶೇಕಡಾ 70 ಎಂದು ಹಿಡಿದರೆ, 27 ಡಿಗ್ರಿಯಲ್ಲಿ ಒಳಬಂದ ಗಾಳಿ ಮೊದಲ ಸಂದರ್ಭದಲ್ಲಿ ಸುಮಾರು 121 ಡಿಗ್ರಿಯಲ್ಲಿ ಹೊರಬಂದರೆ ಎರಡನೆಯದರಲ್ಲಿ ಸುಮಾರು 129 ಡಿಗ್ರಿಯಲ್ಲಿ ಹೊರಬರುತ್ತದೆ. ಬೂಸ್ಟ್ ಗೇಜು ಎರಡೂ ಸಂದರ್ಭದಲ್ಲಿ 1 ಬಾರ್ ಎಂದೇ ತೋರಿಸುತ್ತಿರುತ್ತದೆ. ಟರ್ಬೊ ಮಾತ್ರ ಹೆಚ್ಚು ವೇಗವಾಗಿ ತಿರುಗುತ್ತಾ ಹೆಚ್ಚು ಬಿಸಿ ಗಾಳಿಯನ್ನು ಕೊಡುತ್ತಿರುತ್ತದೆ. ಗೇಜನ್ನಷ್ಟೇ ನಂಬುವವರಿಗೆ ಈ ನಷ್ಟ ಎಂದೂ ಕಾಣಿಸುವುದಿಲ್ಲ.

ಮೊದಲ ಪೈಪಿಗೆ ಅಗಲದಷ್ಟೇ ಗಟ್ಟಿತನವೂ ಬೇಕು. ಒಮ್ಮೆ ನಮ್ಮಲ್ಲಿಗೆ ಬಂದ ಕಾರೊಂದು 4500 ಸುತ್ತಿನವರೆಗೆ ಚೆನ್ನಾಗಿ ಎಳೆದು, ಅದರಾಚೆಗೆ ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ಸೋಲುತ್ತಿತ್ತು. ಬೇರೊಂದು ಕಡೆ ಇಂಧನ ಪಂಪು ಮತ್ತು ಸ್ಪಾರ್ಕ್ ಪ್ಲಗ್ಗುಗಳನ್ನು ಆಗಲೇ ಬದಲಿಸಲಾಗಿತ್ತು. ನಿಂತ ಕಾರಿನಲ್ಲಿ ಎಷ್ಟು ಪರೀಕ್ಷಿಸಿದರೂ ದೋಷ ಸಿಗಲಿಲ್ಲ. ಕೊನೆಗೆ ಬಾನೆಟ್ಟಿನೊಳಗೆ ಪುಟ್ಟ ಕ್ಯಾಮೆರಾ ಕಟ್ಟಿ ಓಡಿಸಿ ನೋಡಿದಾಗ, ಕಂಪ್ರೆಸರಿನ ಮುಂದಿನ ಮೆತ್ತನೆಯ ಸಿಲಿಕೋನ್ ಹೋಸು ಪೂರ್ಣ ಭಾರದಲ್ಲಿ ಖಾಲಿ ಚೀಲದಂತೆ ಒಳಕ್ಕೆ ಕುಸಿಯುವುದು ಕಾಣಿಸಿತು. ಪೆಡಲಿನಿಂದ ಕಾಲು ತೆಗೆದೊಡನೆ ಅದು ಮತ್ತೆ ದುಂಡಗಾಗುತ್ತಿತ್ತು. ಹೀರುವ ಬದಿಗೆ ತಂತಿಸುರುಳಿ ಹುದುಗಿಸಿದ ಹೋಸು ಅಥವಾ ಲೋಹದ ಪೈಪು ಹಾಕಬೇಕೆನ್ನುವುದು ಇದಕ್ಕಾಗಿ. ಹಾಗೆಯೇ, ಕಂಪ್ರೆಸರಿನ ಬಾಯಿಗೆ ತೀರ ಹತ್ತಿರದಲ್ಲಿ ಬಿರುಸಾದ ತಿರುವು ಇದ್ದರೆ ಗಾಳಿ ಚಕ್ರದ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಬೀಳುತ್ತದೆ. ಜಾಗವಿದ್ದರೆ ಪೈಪಿನ ವ್ಯಾಸದ ಎರಡು ಮೂರು ಪಟ್ಟು ಉದ್ದದ ನೇರ ಭಾಗವನ್ನು ಅಲ್ಲಿ ಬಿಡುವುದು ಒಳ್ಳೆಯದು. ಈಗಿನ ಎಂಜಿನ್ ಕೋಣೆಗಳಲ್ಲಿ ಅಷ್ಟು ಜಾಗ ಸಿಗುವುದು ಅಪರೂಪ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಏರ್‌ಫ್ಲೋ ಸೆನ್ಸರ್ ಇರುವ ಕಾರುಗಳಲ್ಲಿ ಮೊದಲ ಪೈಪಿನ ಅಳತೆ ಬದಲಿಸುವಾಗ ವಿಶೇಷ ಎಚ್ಚರ ಬೇಕು. ಈ ಸೆನ್ಸರ್ ಇಡೀ ಗಾಳಿಯನ್ನು ಅಳೆಯುವುದಿಲ್ಲ. ತನ್ನ ಮೂಲಕ ಹರಿಯುವ ಒಂದಿಷ್ಟು ಗಾಳಿಯನ್ನು ಅಳೆದು, ತಾನು ಕುಳಿತ ಕೊಳವೆಯ ವ್ಯಾಸ ಇಷ್ಟೇ ಎಂಬ ನಂಬಿಕೆಯ ಮೇಲೆ ಉಳಿದುದನ್ನು ಎಂಜಿನ್ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. 70 ಮಿ.ಮೀ. ಕೊಳವೆಯಲ್ಲಿದ್ದ ಸೆನ್ಸರನ್ನು ತೆಗೆದು 76 ಮಿ.ಮೀ. ಪೈಪಿನಲ್ಲಿ ಕೂರಿಸಿದರೆ, ಅದೇ ಪ್ರಮಾಣದ ಗಾಳಿ ಅಲ್ಲಿ ಸುಮಾರು ಶೇಕಡಾ 15ರಷ್ಟು ನಿಧಾನವಾಗಿ ಹರಿಯುತ್ತದೆ. ಕಂಪ್ಯೂಟರ್ ಗಾಳಿ ಕಡಿಮೆಯಾಯಿತೆಂದು ತಿಳಿದು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಹಗುರವಾಗಿ ಓಡಿಸುವಾಗ ಆಕ್ಸಿಜನ್ ಸೆನ್ಸರ್ ಈ ತಪ್ಪನ್ನು ತಿದ್ದಿಕೊಂಡು ಮುಚ್ಚಿಡಬಹುದು. ಪೂರ್ಣ ಬೂಸ್ಟಿನಲ್ಲಿ ಇಂಧನ ಸಾಲದೆ ಎಂಜಿನ್ನಿನಲ್ಲಿ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿಯುವುದು) ಆಗತೊಡಗಿದರೆ ಪಿಸ್ಟನ್ನಿಗೇ ಪೆಟ್ಟು. ಆದ್ದರಿಂದ ಮೂಲ ಸೆನ್ಸರಿನ ಕೊಳವೆಯನ್ನು ಹಾಗೆಯೇ ಉಳಿಸಿಕೊಂಡು ಅದರ ನಂತರದ ಭಾಗವನ್ನು ಮಾತ್ರ ಬದಲಿಸಿ. ಇಲ್ಲವೇ ಹೊಸ ವ್ಯಾಸಕ್ಕೆ ತಕ್ಕಂತೆ ಕಂಪ್ಯೂಟರಿನ ಲೆಕ್ಕವನ್ನು ತಿದ್ದಿಸುವವರೆಗೆ ಕಾರನ್ನು ದಬಾಯಿಸಬೇಡಿ. ಒತ್ತಡ ಅಳೆಯುವ ಸೆನ್ಸರನ್ನೇ ನೆಚ್ಚಿಕೊಂಡ ಕಾರುಗಳಿಗೆ ಈ ತೊಡಕಿಲ್ಲ.

ಫಿಲ್ಟರನ್ನು ಡಬ್ಬಿಯಿಂದ ಬಿಡಿಸಿ ಎಂಜಿನ್ ಕೋಣೆಯಲ್ಲಿ ಬರಿದೇ ತೂಗುಬಿಡುವ ರೂಢಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಟರ್ಬೊದ ಹೀರುವ ಸದ್ದು ಚೆನ್ನಾಗಿ ಕೇಳಿಸುತ್ತದೆ, ನಿಜ. ಆದರೆ ಅಲ್ಲಿನ ಗಾಳಿ 30ರ ಬದಲು 60 ಡಿಗ್ರಿ ಇದ್ದರೆ ಅದರ ಸಾಂದ್ರತೆ ಸುಮಾರು ಶೇಕಡಾ 9ರಷ್ಟು ಕಡಿಮೆಯಾಗುತ್ತದೆ. ಕಂಪ್ರೆಸರ್ ದಾಟುವಷ್ಟರಲ್ಲಿ ಆ 30 ಡಿಗ್ರಿಯ ಅಂತರ ಸುಮಾರು 39 ಡಿಗ್ರಿಗೆ ಬೆಳೆದಿರುತ್ತದೆ.

ಇನ್ನು ಒತ್ತಡದ ಬದಿ. ಮೇಲಿನ ಎಂಜಿನ್ನಿಗೆ ಬಿಸಿ ಪೈಪು 50ರಿಂದ 57 ಮಿ.ಮೀ., ತಣ್ಣನೆಯ ಪೈಪು 57ರಿಂದ 63 ಮಿ.ಮೀ. ಒಳವ್ಯಾಸದ್ದಾಗಿದ್ದರೆ ನನ್ನ ಪ್ರಕಾರ ಸಾಕು. ಅದಕ್ಕಿಂತ ಅಗಲ ಮಾಡಿ ಗಳಿಸುವುದು ಅಳತೆಗೂ ಸಿಗದಷ್ಟು. ಲೋಹದ ಪೈಪಿನ ಇಂಚಿನ ಲೆಕ್ಕ ಸಾಮಾನ್ಯವಾಗಿ ಹೊರವ್ಯಾಸದ್ದು ಎಂಬುದು ಇಲ್ಲಿ ನೆನಪಿರಲಿ. ಎರಡೂವರೆ ಇಂಚಿನ, ಅಂದರೆ 63.5 ಮಿ.ಮೀ. ಪೈಪಿನ ಗೋಡೆ 2 ಮಿ.ಮೀ. ದಪ್ಪವಿದ್ದರೆ ಒಳಗೆ ಉಳಿಯುವುದು 59.5 ಮಿ.ಮೀ. ಮಾತ್ರ.

ಅಗಲ ಪೈಪು ಹಾಕಿದರೆ ಟರ್ಬೊ ತಡವಾಗಿ ಎಚ್ಚರಗೊಳ್ಳುತ್ತದೆ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಅದರಲ್ಲಿ ಸತ್ಯಾಂಶವಿದೆ, ಆದರೆ ಹೇಳುವಷ್ಟಿಲ್ಲ. ಒಂದೂವರೆ ಮೀಟರ್ ಉದ್ದದ 57 ಮಿ.ಮೀ. ಪೈಪಿನೊಳಗೆ 3.8 ಲೀಟರ್ ಜಾಗವಿದೆ, 76 ಮಿ.ಮೀ. ಪೈಪಿನೊಳಗೆ 6.8 ಲೀಟರ್. ಹೆಚ್ಚಾದ ಆ 3 ಲೀಟರ್ ಜಾಗವನ್ನು 1 ಬಾರ್ ಬೂಸ್ಟಿಗೆ ತುಂಬಲು ಹೊರಗಿನ ಗಾಳಿ ಸರಿಸುಮಾರು ಇನ್ನೊಂದು 3 ಲೀಟರ್ ಬೇಕು. 3000 ಸುತ್ತಿನಲ್ಲಿ ಎಂಜಿನ್ ತಾನೇ ಸೆಕೆಂಡಿಗೆ 45 ಲೀಟರ್ ಎಳೆಯುತ್ತಿರುವಾಗ ಇದು ದೊಡ್ಡ ಮೊತ್ತವಲ್ಲ. ಎಂಜಿನ್ ಬಳಸಿ ಉಳಿದ ಗಾಳಿಯಿಂದಷ್ಟೇ ಈ ಜಾಗ ತುಂಬಬೇಕಾದ್ದರಿಂದ ಸೆಕೆಂಡಿನ ಸಣ್ಣದೊಂದು ಪಾಲು ತಡವಾಗುವುದು ಹೌದು. ಆದರೆ ಚಾಲಕರು ದೂರುವ ತಡದ ಬಹುಪಾಲು ಟರ್ಬೊ ಚಕ್ರ ವೇಗ ಹಿಡಿಯಲು ತೆಗೆದುಕೊಳ್ಳುವ ಸಮಯ. ಅದನ್ನು ಪೈಪಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಅಗಲ ಪೈಪಿನ ನಿಜವಾದ ತೊಂದರೆ ಬೇರೆ. ಕೊಳವೆಯೊಳಗಿನ ಒತ್ತಡವು ಜೋಡಣೆಯನ್ನು ಉದ್ದಕ್ಕೆ ಕಳಚಿ ಎಸೆಯಲು ನೋಡುತ್ತಿರುತ್ತದೆ, ಆ ಬಲ ಪೈಪಿನ ಅಡ್ಡಕೊಯ್ತದ ವಿಸ್ತೀರ್ಣದೊಂದಿಗೆ ಏರುತ್ತದೆ. 1 ಬಾರ್ ಬೂಸ್ಟಿನಲ್ಲಿ 63 ಮಿ.ಮೀ. ಪೈಪಿನ ಜೋಡಣೆಯ ಮೇಲೆ ಬೀಳುವ ಎಳೆತ ಸುಮಾರು 32 ಕಿಲೋ ತೂಕದಷ್ಟು, 76 ಮಿ.ಮೀ. ಪೈಪಿನಲ್ಲಿ ಸುಮಾರು 46 ಕಿಲೋ. ಪ್ರತಿ ಸಲ ಪೆಡಲ್ ಒತ್ತಿದಾಗಲೂ ಅಷ್ಟು ತೂಕವನ್ನು ಒಂದು ರಬ್ಬರ್ ತುಂಡು ಮತ್ತು ಒಂದು ಪಟ್ಟಿ ತಡೆಯಬೇಕು. ಕನ್ನಡಿಯಂತೆ ಹೊಳೆಯುವ 76 ಮಿ.ಮೀ. ಪೈಪುಗಳನ್ನು ಉದ್ದಕ್ಕೂ ಹಾಕಿಸಿಕೊಂಡು, ‘ಪಿಕಪ್ ಸತ್ತುಹೋಗಿದೆ, ಪೈಪಿನ ಗಾತ್ರ ತಪ್ಪಾಯಿತೇನೋ’ ಎಂದು ಬಂದ ಕಾರೊಂದನ್ನು ನೋಡಿದ್ದೆ. ಪೈಪಿನ ತುದಿಗಳು ನುಣ್ಣಗಿದ್ದವು. ಸುತ್ತಲೂ ಉಬ್ಬಿಸಿದ ಏಣು ಇರಲಿಲ್ಲ. ಬೂಸ್ಟ್ ಏರಿದಂತೆ ಹೋಸು ಕೂದಲೆಳೆಯಷ್ಟು ಜಾರಿ ಗಾಳಿ ಬಿಡುತ್ತಿತ್ತು, ಬೂಸ್ಟ್ ಇಳಿದಾಗ ಸಂಭಾವಿತನಂತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ತುದಿಗೆ ಏಣು ಹೊಡೆಸಿದ ಮೇಲೆ ಅದೇ ಪೈಪಿನಲ್ಲಿ ಕಾರು ಸರಿಯಾಗಿ ಓಡಿತು.

ಆದ್ದರಿಂದ ಪೈಪು ಕೊಳ್ಳುವಾಗ ನಾನು ಮೊದಲು ನೋಡುವುದು ತುದಿಯನ್ನು. ಏಣು ಸುತ್ತಲೂ ಸಮನಾಗಿರಬೇಕು, ಕ್ಲಾಂಪು ಏಣಿನ ಮೇಲಲ್ಲದೆ ಅದರ ಹಿಂದೆ ಕೂರಬೇಕು, ಹೋಸು ಪೈಪಿನ ಮೇಲೆ ಕನಿಷ್ಠ ಎರಡು ಬೆರಳಿನಷ್ಟು ಹತ್ತಬೇಕು. ಸೀಳುಗಳಿರುವ ಸಾಮಾನ್ಯ ಸ್ಕ್ರೂ ಕ್ಲಾಂಪು ಮೆತ್ತನೆಯ ಸಿಲಿಕೋನನ್ನು ಕೊರೆಯುತ್ತದೆ. ಒಳಪಟ್ಟಿ ಇರುವುದಾದರೆ ಅಡ್ಡಿಯಿಲ್ಲ. ಹೆಚ್ಚಿನ ಬೂಸ್ಟಿಗೆ ಟಿ-ಬೋಲ್ಟ್ ಕ್ಲಾಂಪು ಒಳ್ಳೆಯದು, ಆದರೆ ಕೈಯಲ್ಲಿ ಬಲವಿದೆಯೆಂದು ಬಿಗಿದರೆ ತೆಳು ಅಲ್ಯೂಮಿನಿಯಂ ಪೈಪು ಅಂಡಾಕಾರಕ್ಕೆ ತಿರುಗಿ ಮತ್ತೆ ಸೋರುತ್ತದೆ. ಎಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಅಲುಗಾಡುತ್ತದೆ, ಇಂಟರ್‌ಕೂಲರ್ ಕಾರಿನ ದೇಹಕ್ಕೆ ಕಚ್ಚಿಕೊಂಡಿರುತ್ತದೆ. ಇವೆರಡರ ನಡುವೆ ಒಂದಾದರೂ ಉಬ್ಬುಹೊಟ್ಟೆಯ ಹೋಸು ಇಲ್ಲದಿದ್ದರೆ ಆ ಅಲುಗಾಟವನ್ನೆಲ್ಲ ವೆಲ್ಡಿಂಗ್ ಸಹಿಸಬೇಕಾಗುತ್ತದೆ, ಅದು ಹೆಚ್ಚು ದಿನ ಸಹಿಸುವುದಿಲ್ಲ.

ತಿರುವುಗಳ ಮಾತು ಅಗಲದ ಮಾತಿಗಿಂತ ಮುಖ್ಯ. ಕೋನವಾಗಿ ಕತ್ತರಿಸಿ ಬೆಸೆದ 90 ಡಿಗ್ರಿಯ ಮೂಲೆಯೊಂದು, ವ್ಯಾಸದ ಒಂದೂವರೆ ಪಟ್ಟು ತ್ರಿಜ್ಯದಲ್ಲಿ ನಯವಾಗಿ ಬಾಗಿದ ತಿರುವಿಗಿಂತ ಹಲವು ಪಟ್ಟು ಹೆಚ್ಚು ಒತ್ತಡವನ್ನು ನುಂಗುತ್ತದೆ. ಬಾಗಿಸುವಾಗ ಒಳಗೆ ಆಧಾರ ಕೊಟ್ಟು ಮಾಡಿದ ಮ್ಯಾಂಡ್ರೆಲ್ ಬೆಂಡಿನಲ್ಲಿ ಪೈಪಿನ ದುಂಡು ಉಳಿಯುತ್ತದೆ. ಹಾಗೆಯೇ ಒತ್ತಿ ಬಾಗಿಸಿದ್ದು ನಡುವೆ ಚಪ್ಪಟೆಯಾಗಿ, ಹಣ ಕೊಟ್ಟು ಕೊಂಡ ಅಗಲವನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ. ಕಿರಿದರಿಂದ ಹಿರಿದಕ್ಕೆ ಹೋಗುವ ಕಡೆ ಮೆಟ್ಟಿಲಿನಂತೆ ಥಟ್ಟನೆ ಹಿಗ್ಗಿಸದೆ ಉದ್ದನೆಯ ಶಂಕುವಿನ ಮೂಲಕ ಹಿಗ್ಗಿಸಬೇಕು. ಹಿರಿದರಿಂದ ಕಿರಿದಕ್ಕೆ ಬರುವಾಗ ಗಾಳಿ ಅಷ್ಟು ತಕರಾರು ಮಾಡುವುದಿಲ್ಲ.

ಲೋಹದ ಆಯ್ಕೆಯಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಕಡಿಮೆ. ಅಲ್ಯೂಮಿನಿಯಂ ಹಗುರ, ಸ್ಟೇನ್‌ಲೆಸ್ ಸ್ಟೀಲ್ ತೂಕ ಹೆಚ್ಚಾದರೂ ಬಾಳಿಕೆ ಜಾಸ್ತಿ. ಅಲ್ಯೂಮಿನಿಯಂ ಬಿಸಿಯನ್ನು ಹತ್ತು ಪಟ್ಟು ಸುಲಭವಾಗಿ ಸಾಗಿಸುತ್ತದೆಂದು ಹೆದರುವವರಿದ್ದಾರೆ, ಆದರೆ ಪೂರ್ಣ ಭಾರದಲ್ಲಿ ಗಾಳಿ ಇಡೀ ಪೈಪನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ದಾಟಿರುವುದರಿಂದ ಬಿಸಿಯಾಗಲು ಅದಕ್ಕೆ ಪುರಸೊತ್ತೇ ಇರುವುದಿಲ್ಲ. ಹೋಸಿನ ವಿಷಯ ಹಾಗಲ್ಲ. ಎಂಜಿನ್ನಿನ ಹೊಟ್ಟೆಯಿಂದ ಬರುವ ಎಣ್ಣೆಯ ಆವಿ ಕಂಪ್ರೆಸರಿನ ಮುಂದೆಯೇ ಗಾಳಿಗೆ ಸೇರುವುದರಿಂದ ಪೈಪಿನೊಳಗೆ ಎಣ್ಣೆಯ ತೆಳು ಪದರ ಇರುವುದು ಸಹಜ. ಬರಿಯ ಸಿಲಿಕೋನ್ ಆ ಎಣ್ಣೆಯನ್ನು ಹೀರಿ ಕಾಲಕ್ರಮೇಣ ಮೆತ್ತಗಾಗುತ್ತದೆ, ಹೊರಮೈಯಲ್ಲಿ ಬೆವರಿದಂತೆ ಕಾಣುತ್ತದೆ. ಆದ್ದರಿಂದ ಬಿಸಿ ಬದಿಗೆ, ಅದರಲ್ಲೂ ಡೀಸೆಲ್ ಕಾರಿಗೆ, ಫ್ಲೋರೋಸಿಲಿಕೋನ್ ಒಳಪದರವಿರುವ ಹೋಸನ್ನೇ ಕೇಳಿ ಪಡೆಯಬೇಕು.

ಪೈಪು ಕೂರಿಸುವ ಮುನ್ನ ಒಳಗೆ ಬಟ್ಟೆ ಎಳೆದು ವೆಲ್ಡಿಂಗಿನ ಉಂಡೆಗಳು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹೀರುವ ಬದಿಯಲ್ಲಿ ಒಂದು ಉಂಡೆ ಉಳಿದರೂ ಅದರ ಮುಂದಿನ ನಿಲ್ದಾಣ ಕಂಪ್ರೆಸರ್ ಚಕ್ರ. ಕೂರಿಸಿದ ಮೇಲೆ ರಸ್ತೆಗಿಳಿಯುವ ಮೊದಲು ಸೋರಿಕೆ ಪರೀಕ್ಷೆ ಮಾಡಬೇಕು. ಎಂಜಿನ್ ನಿಲ್ಲಿಸಿ, ಕಂಪ್ರೆಸರಿನ ಬಾಯಿಗೆ ಗಾಳಿ ತುಂಬುವ ನಳಿಕೆಯಿರುವ ಮುಚ್ಚಳ ಬಿಗಿದು, ಎಂಜಿನ್ ಹೊಟ್ಟೆಯಿಂದ ಬರುವ ಆವಿಯ ಕೊಳವೆಯನ್ನು ಬೇರ್ಪಡಿಸಿ ಅದರ ದಾರಿ ಮುಚ್ಚಬೇಕು; ಇಲ್ಲದಿದ್ದರೆ ಒತ್ತಡ ಅತ್ತ ನುಗ್ಗಿ ಎಣ್ಣೆಯ ಸೀಲುಗಳನ್ನು ಕಿತ್ತೀತು. ರೆಗ್ಯುಲೇಟರ್ ಮೂಲಕ ಕಾಲು ಬಾರಿನಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾ, ಕಾರಿನ ಮಾಮೂಲು ಬೂಸ್ಟನ್ನು ಮೀರದಂತೆ ನಿಲ್ಲಿಸಿ, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಪರೀಕ್ಷೆ ಮುಗಿಯುವವರೆಗೆ ಆ ಮುಚ್ಚಳದ ಎದುರಿಗೆ ಯಾರೂ ನಿಲ್ಲಬಾರದು. ನೂರಾರು ಕಿಲೋಮೀಟರ್ ಓಡಿದ ನಂತರ ಹೊಸ ಹೋಸುಗಳು ತುಸು ಅಮುಕಿಕೊಂಡಿರುತ್ತವೆ. ಆಗ ಕ್ಲಾಂಪುಗಳನ್ನೆಲ್ಲ ಇನ್ನೊಮ್ಮೆ ಬಿಗಿದು, ಇದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ.